ಹಲ್ಲು ಕಟ್ಟುವವಳ ಅರ್ಧ ದಿನ

ನಮ್ಮ ಕಾರ್ಖಾನೆಯಲ್ಲಿ ತಯಾರಾಗುವುದು ಹಲ್ಲು. ಕಾರ್ಖಾನೆ ಎಂದ ಕೂಡಲೇ ದೊಡ್ಡದೇನೋ ಅಂದುಕೊಳ್ಳಬೇಡಿ. ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಉದ್ದನೆಯ ಒಂದು ಹಾಲ್, ಅದರ ಹಿಂದೆ ಹಲ್ಲು ಸುಡುವ ಒಲೆಯ ಕೋಣೆ, ಬಾಗಿಲ ಪಕ್ಕದಲ್ಲಿ ಯಜಮಾನಿಯ ಗಾಜಿನ ಗೂಡು, ಅಷ್ಟೇ. ಊರಿನ ಹಲ್ಲಿನ ಡಾಕ್ಟರುಗಳು ರೋಗಿಗಳ ಬಾಯಿಯ ಅಳತೆಯನ್ನು ಮೆತ್ತನೆಯ ಮೇಣದಂಥದರಲ್ಲಿ ಒತ್ತಿ ತೆಗೆದು ನಮಗೆ ಕಳಿಸುತ್ತಾರೆ. ಆ ಅಳತೆಯೊಳಗೆ ಪ್ಲಾಸ್ಟರ್ ಸುರಿದು ಬಾಯಿಯ ಅಚ್ಚು ಎತ್ತುವುದು ನನ್ನ ಕೆಲಸ. ಹಾಗಾಗಿ ಎಲ್ಲರಿಗೂ ನಾನು ಪ್ಲಾಸ್ಟರಕ್ಕ. ನನ್ನ ಕೂದಲು ನೆರೆತಿದೆಯೋ ಪ್ಲಾಸ್ಟರ್ ಪುಡಿ ಕೂತಿದೆಯೋ ಎಂಬುದು ಈಗ ನನಗೂ ಗೊತ್ತಾಗುವುದಿಲ್ಲ.

ಆ ಅಚ್ಚಿನ ಮೇಲೆ ಹಲ್ಲು ಕಟ್ಟುವವಳು ಮೊಲ. ಅವಳ ಮುಂದಿನ ಎರಡು ಹಲ್ಲು ತುಟಿ ಮುಚ್ಚಿದರೂ ಇಣುಕುತ್ತವೆ, ಅದಕ್ಕೆ ಆ ಹೆಸರು. ಊರವರ ಬಾಯನ್ನೆಲ್ಲ ರಿಪೇರಿ ಮಾಡುವವಳು ತನ್ನ ಬಾಯನ್ನು ಮಾತ್ರ ಹಾಗೇ ಬಿಟ್ಟಿದ್ದಾಳಲ್ಲ ಎಂದು ನಾವು ರೇಗಿಸಿದರೆ, ಸೊಟ್ಟಗಿದ್ದರೂ ಇವು ನನ್ನವು ಅನ್ನುತ್ತಾಳೆ. ಪಿಂಗಾಣಿ ಪುಡಿಯನ್ನು ನೀರಲ್ಲಿ ಕಲಸಿ, ಸಣ್ಣ ಬ್ರಷ್ಷಿನ ತುದಿಯಲ್ಲಿ ಒಂದರ ಮೇಲೊಂದು ಪದರ ಕೂರಿಸಿ ಅವಳು ಹಲ್ಲು ಎಬ್ಬಿಸುವುದನ್ನು ನೋಡುತ್ತ ನಿಂತರೆ ನನ್ನ ಪ್ಲಾಸ್ಟರ್ ಎಷ್ಟೋ ಸಲ ಬಟ್ಟಲಲ್ಲೇ ಗಟ್ಟಿಯಾಗಿದೆ. ಕಿಟಕಿ ಪಕ್ಕದ ಮೇಜು ಅವಳದು. ಬಣ್ಣ ನೋಡಲು ಹಗಲಿನ ಬೆಳಕು ಬೇಕು, ಆ ಕಿಟಕಿಗೆ ಬೆಳಿಗ್ಗೆ ಒಳ್ಳೆಯ ಬೆಳಕು ಬರುತ್ತದೆ.

ಅವಳ ಮೊದಲ ಕೂಸು ಹುಟ್ಟಿ, ಹೆರಿಗೆ ರಜೆ ಮುಗಿಯುವ ಹೊತ್ತು ಬಂದಾಗ ಶುರುವಾಯಿತು ಈ ರಾಮಾಯಣ.

ಮೊಲ ಕೇಳಿದ್ದು ಬಹಳ ಸಣ್ಣದು. ಮಗುವಿಗೆ ವರ್ಷ ತುಂಬುವ ತನಕ ಬೆಳಿಗ್ಗೆ ಮಾತ್ರ ಬರುತ್ತೇನೆ, ಮಧ್ಯಾಹ್ನ ಮನೆಗೆ ಹೋಗುತ್ತೇನೆ, ಸಂಬಳ ಅರ್ಧ ಕೊಡಿ, ನನ್ನ ಮೇಜು ನನಗಿರಲಿ. ಕಾರಣವನ್ನೂ ಮುಚ್ಚಿಡಲಿಲ್ಲ. ಗಂಡ ಲಾರಿ ಓಡಿಸುವವನು, ಹೋದರೆ ದಿನಗಟ್ಟಲೆ ಪತ್ತೆ ಇಲ್ಲ. ಅತ್ತೆ ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಮಧ್ಯಾಹ್ನದ ಪಾಳಿಗೆ ಹೋಗುತ್ತಾರೆ, ಮಗುವನ್ನು ಬೆಳಿಗ್ಗೆ ಮಾತ್ರ ನೋಡಿಕೊಳ್ಳಬಲ್ಲರು. ಕೂಸಂತೂ ಬಾಟಲಿ ಬಾಯಿಗಿಟ್ಟರೆ ಮುಖ ತಿರುಗಿಸಿ ಕಿರುಚುತ್ತದೆ. ಹಟದಲ್ಲಿ ತಾಯಿಯನ್ನೇ ಹೋಲುತ್ತದೆ ಎಂದು ನಾನೇ ಹೇಳಿದ್ದೇನೆ.

ಯಜಮಾನಿ ಕನ್ನಡಕವನ್ನು ಹಣೆಗೇರಿಸಿ ಕೇಳಿಸಿಕೊಂಡರು. ನಾವೆಲ್ಲ ಅವರನ್ನು ಅಮ್ಮ ಎನ್ನುತ್ತೇವೆ, ಆದರೆ ಆ ಮಾತಿಗೆ ಕರಗುವ ಜೀವ ಅಲ್ಲ ಅದು. ಗಂಡ ತೀರಿಕೊಂಡ ಮೇಲೆ ಸಾಲದಲ್ಲಿ ಮುಳುಗಿದ್ದ ಕಾರ್ಖಾನೆಯನ್ನು ಒಬ್ಬರೇ ಎತ್ತಿ ನಿಲ್ಲಿಸಿದವರು. ಅವರು ಬೈಯಲಿಲ್ಲ, ಕೂಗಾಡಲಿಲ್ಲ. ಗೂಡಿನ ಗಾಜಿನ ಆಚೆ ಗೋಡೆಗೆ ನೇತುಹಾಕಿದ್ದ ಬೋರ್ಡಿನ ಕಡೆ ಬೆರಳು ತೋರಿಸಿದರು. ಅದರಲ್ಲಿ ಬರೆದಿರುವುದು ಒಂದೇ ಸಾಲು: ಶುರು ಮಾಡಿದವರೇ ಮುಗಿಸಬೇಕು.

"ಅರ್ಧ ದಿನ ಅಂದ್ರೆ ಅರ್ಧ ಹಲ್ಲು. ಅರ್ಧ ಹಲ್ಲಲ್ಲಿ ಯಾರು ಅಗೀತಾರೆ ಮೊಲ? ಆ ಬೋರ್ಡು ಬರೆಸಿದ್ದು ನಾನು, ಬರೆಸೋ ಹಾಗೆ ಮಾಡಿದ್ದು ನೀನು" ಎಂದರು.

 ಅಮ್ಮ ಹೇಳಿದ್ದು ಸುಳ್ಳಲ್ಲ.

ಆ ಬೋರ್ಡಿನ ಕತೆ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಕೆಲವು ವರ್ಷಗಳ ಹಿಂದೆ ಶಾಲೆಯೊಂದರ ನಿವೃತ್ತ ಹೆಡ್‌ಮೇಡಮ್ಮಿನ ಮುಂದಿನ ಹಲ್ಲುಗಳ ಕೆಲಸ ನಮ್ಮಲ್ಲಿಗೆ ಬಂದಿತ್ತು. ಆಕೆಯ ಸ್ವಂತ ಹಲ್ಲುಗಳಲ್ಲಿ ಒಂದು ಪಕ್ಕದ್ದರ ಮೇಲೆ ಕಾಲು ಹಾಕಿ ಕೂತಂತೆ ಇತ್ತಂತೆ. ಹೊಸದನ್ನೂ ಹಾಗೇ ಮಾಡಿ, ನನ್ನ ಮುಖ ನನಗೆ ಬೇಕು ಎಂದು ಡಾಕ್ಟರ ಮೂಲಕ ಹೇಳಿಕಳಿಸಿದ್ದರು. ಮೊಲ ಬೆಳಿಗ್ಗೆಯೆಲ್ಲ ಕೂತು, ಆ ಸೊಟ್ಟ ಹಲ್ಲನ್ನು ಸೊಟ್ಟಗೇ ಕಟ್ಟಿದಳು. ನೆಟ್ಟಗೆ ಕಟ್ಟುವುದಕ್ಕಿಂತ ಅದು ಕಷ್ಟ. ಮಧ್ಯಾಹ್ನ ಅವಳಿಗೆ ಚಳಿಜ್ವರ ಬಂತು, ಮನೆಗೆ ಹೋದಳು. ಸುಟ್ಟು, ಉಜ್ಜಿ, ಹೊಳಪು ಕೊಡುವ ಕೆಲಸ ಒಲೆಯಣ್ಣನ ಕೈಗೆ ಬಂತು. ಒಲೆಯಣ್ಣ ಅಂದರೆ ಒಲೆ ನೋಡಿಕೊಳ್ಳುವವನು, ಮಾತು ಬಲು ಕಮ್ಮಿ, ಕೈ ಬಲು ಚೊಕ್ಕ. ಪಾಪ, ಅವನು ನೋಡಿದ. ಹುಡುಗಿಗೆ ಜ್ವರದಲ್ಲಿ ಕೈ ನಡುಗಿ ಹಲ್ಲು ಸೊಟ್ಟಗಾಗಿದೆ ಅಂದುಕೊಂಡ. ಉಪಕಾರ ಮಾಡೋಣ ಎಂದು ಉಜ್ಜುವ ಯಂತ್ರ ಹಿಡಿದು ಅದನ್ನು ಸಾಲಿಗೆ ತಂದುಬಿಟ್ಟ. ಅಷ್ಟು ನೆಟ್ಟಗಿನ ಸಾಲು ನಮ್ಮಲ್ಲಿ ಅದಕ್ಕೆ ಮುಂಚೆ ಆಗಿರಲಿಲ್ಲ.

ಹೆಡ್‌ಮೇಡಮ್ ಕನ್ನಡಿ ನೋಡಿ, ಇದು ಯಾರ ಬಾಯಿ ಎಂದು ಕೇಳಿದರಂತೆ. ಹಲ್ಲು ವಾಪಸ್ ಬಂತು.

ಜ್ವರದಿಂದ ಎದ್ದು ಬಂದ ಮೊಲ ಎಲ್ಲರೆದುರಿಗೆ ಒಲೆಯಣ್ಣನ ಮೇಲೆ ಹರಿಹಾಯ್ದಳು. ಇನ್ನು ಮೇಲೆ ನನ್ನ ಹಲ್ಲು ಮುಟ್ಟಬೇಡಿ ಎಂದಳು. ಅಮ್ಮನಿಗೆ ಅದು ಹಿಡಿಸಿತು, ವಾರದೊಳಗೆ ಬೋರ್ಡು ಬಂತು. ಅಂದಿನಿಂದ ಒಲೆಯಣ್ಣ ಅವಳ ಹಲ್ಲುಗಳನ್ನು ಸುಟ್ಟು, ತಟ್ಟೆಯನ್ನು ಗೋಡೆಯ ಕಿಂಡಿಯಲ್ಲಿಟ್ಟು ಹೋಗುತ್ತಿದ್ದ. ಇವಳು ಎತ್ತಿಕೊಂಡು ಬಂದು ತಾನೇ ಉಜ್ಜುತ್ತಿದ್ದಳು. ಇಬ್ಬರ ನಡುವೆ ಮಾತು ನಿಂತೇಹೋಯಿತು. ಅದನ್ನು ಜಗಳ ಅನ್ನುವ ಹಾಗೂ ಇರಲಿಲ್ಲ. ಒಂದೇ ಸೂರಿನಡಿ ಇಬ್ಬರು ಬಾಯಿಗೆ ಬೀಗ ಹಾಕಿಕೊಂಡು ದುಡಿಯುವುದನ್ನು ನೋಡಿ ನೋಡಿ ನನಗೇ ಉಸಿರು ಕಟ್ಟುತ್ತಿತ್ತು.

ಈಗ ಅದೇ ಬೋರ್ಡು ಮೊಲದ ಕೊರಳಿಗೆ ಬಿದ್ದಿತ್ತು.

ಅಮ್ಮ ಮಾತು ಅಲ್ಲಿಗೇ ನಿಲ್ಲಿಸಲಿಲ್ಲ. ಟೈಪ್ ಮಾಡಿಸಿಟ್ಟಿದ್ದ ಒಂದು ಹಾಳೆಯನ್ನು ಮುಂದೆ ತಳ್ಳಿದರು. ರಾಜೀನಾಮೆ. ಇದೊಂದಕ್ಕೆ ಸಹಿ ಹಾಕಿಬಿಡು, ಸುಮ್ಮನೆ ಕಾಗದಕ್ಕೆ ಇರಲಿ ಅಂತ, ಆಮೇಲೆ ನಿನಗೆ ಬಿಡುವಾದಾಗ ಬಂದು ಹಲ್ಲಿಗಿಷ್ಟು ಅಂತ ತೆಗೆದುಕೊಂಡು ಹೋಗು ಎಂದರು. ಎಷ್ಟು ಮೆತ್ತಗೆ ಹೇಳಿದರೆಂದರೆ ಮೊಲ ಪೆನ್ನು ಕೈಗೆತ್ತಿಕೊಂಡೇಬಿಟ್ಟಿದ್ದಳು. ಅಳತೆಯ ಡಬ್ಬ ಇಡಲು ಹೋಗಿದ್ದ ನಾನು ಬಾಗಿಲಲ್ಲೇ ಇದ್ದೆ. ನನ್ನ ಮೈಯೆಲ್ಲ ಉರಿದುಹೋಯಿತು. ಕೂಸು ಅಳುತ್ತಿದೆಯಂತೆ, ಅತ್ತೆ ಫೋನ್ ಮಾಡಿದ್ದರು, ನಡಿ ನಡಿ ಎಂದು ಬಾಯಿಗೆ ಬಂದ ಸುಳ್ಳು ಹೇಳಿ ಅವಳ ರೆಟ್ಟೆ ಹಿಡಿದು ಎಳೆದುಕೊಂಡು ಬಂದೆ. ಅಮ್ಮನಿಗೆ ಗೊತ್ತಾಗದೇ ಇರಲಿಲ್ಲ. ಶನಿವಾರದೊಳಗೆ ಬಂದು ಸಹಿ ಹಾಕು ಎಂದು ಬೆನ್ನ ಹಿಂದಿನಿಂದ ಹೇಳಿದರು.

ಮೆಟ್ಟಿಲಲ್ಲಿ ಮೊಲ ನನ್ನ ಕೈ ಬಿಡಿಸಿಕೊಂಡಳು. ಸಹಿ ಹಾಕಿದರೆ ಏನಾಗುತ್ತಿತ್ತು, ಕೆಲಸ ಅದೇ ತಾನೇ ಎಂದು ಕೇಳಿದಳು. ಅದೇ ಹೇಗಾದೀತು ಎಂದು ನಾನು ರೇಗಿದೆ. ಇಷ್ಟು ವರ್ಷದ ಸೇವೆ ಒಂದು ಗೀರಿಗೆ ಹೋಗುತ್ತದೆ. ನಾಳೆ ಬರಬೇಡ ಅಂದರೆ ಯಾಕೆ ಅನ್ನುವ ಹಾಗಿಲ್ಲ. ಇನ್ನೊಂದು ಮಗು ಆದರೆ ರಜೆಯೂ ಇಲ್ಲ. ಕಿಟಕಿಯ ಮೇಜಂತೂ ಮರೆತುಬಿಡಬೇಕು. ಇದೆಲ್ಲ ನನಗೆ ಕಾನೂನು ಓದಿ ಗೊತ್ತಿದ್ದುದಲ್ಲ, ನನ್ನ ತಂಗಿ ಬೇರೆ ಕಡೆ ಇಂಥದೇ ಹಾಳೆಗೆ ಸಹಿ ಹಾಕಿ ಕೈ ಸುಟ್ಟುಕೊಂಡವಳು.

ಮರುದಿನ ಕೂಸನ್ನು ಎತ್ತಿಕೊಂಡು ಇಬ್ಬರೂ ಕಾರ್ಮಿಕ ಕಚೇರಿಗೆ ಹೋದೆವು. ಅಲ್ಲಿ ಮೂಲೆಯ ಮೇಜಿನಲ್ಲಿ ಗಂಟಲು ಕೆಟ್ಟ ಒಬ್ಬ ಅಧಿಕಾರಿಣಿ ಇದ್ದಳು, ಬಿಸಿನೀರು ಕುಡಿಯುತ್ತ ಪಿಸುಮಾತಲ್ಲೇ ಎಲ್ಲ ಹೇಳಿದಳು. ರಾಜೀನಾಮೆಗೆ ಮಾತ್ರ ಕೈ ಹಾಕಬೇಡ. ಅರ್ಧ ದಿನ ಬೇಕು ಎಂದು ಬರೆದು ಕೊಡು, ಒಂದು ಪ್ರತಿ ನಿನ್ನ ಹತ್ತಿರ ಇರಲಿ. ಅವರೂ ಬರೆದೇ ಉತ್ತರ ಕೊಡಬೇಕು, ಆಗುವುದಿಲ್ಲ ಎಂದರೆ ಯಾಕೆ ಆಗುವುದಿಲ್ಲ ಎಂದು ಹೇಳಬೇಕು. ಕೇಳಿದಳು ಎಂಬ ಕಾರಣಕ್ಕೆ ಕೆಲಸದಿಂದ ತೆಗೆಯುವ ಹಾಗಿಲ್ಲ. ಅಷ್ಟು ಕೇಳುವಷ್ಟರಲ್ಲಿ ನನಗೆ ಆನೆಬಲ ಬಂದಿತ್ತು. ಆದರೆ ಅವಳು ಬಿಸಿನೀರಿನ ಲೋಟ ಕೆಳಗಿಟ್ಟು ಇನ್ನೊಂದು ಮಾತು ಹೇಳಿದಳು.

"ನೋಡಮ್ಮ, ಕೇಳೋ ಹಕ್ಕು ನಿಂದು. ಕೊಡಲೇಬೇಕು ಅಂತಿಲ್ಲ. ಈ ಕೆಲಸ ಇಬ್ಬರಿಗೆ ಹಂಚೋಕಾಗಲ್ಲ ಅನ್ನೋದು ನಿಜವೇ ಆಗಿದ್ರೆ ನಾವೂ ಏನೂ ಮಾಡೋಕಾಗಲ್ಲ. ಹಂಚೋಕಾಗುತ್ತಾ?"

 ಮೊಲ ತನ್ನ ಸರ ಹಿಡಿದು ಜಗ್ಗುತ್ತಿದ್ದ ಕೂಸಿನ ಬೆರಳುಗಳನ್ನು ಬಿಡಿಸತೊಡಗಿದಳು.

ಮನೆಯ ದಾರಿಯುದ್ದಕ್ಕೂ ನಾನೇ ವಟವಟ ಅನ್ನುತ್ತಿದ್ದೆ. ಕೊನೆಗೆ ಅವಳು ನಿಂತು, ಅಕ್ಕಾ, ಹಂಚಿಕೊಳ್ಳಬೇಕು ಅಂದರೆ ಒಲೆಯಣ್ಣನ ಜೊತೆ ತಾನೇ ಎಂದಳು. ಇನ್ನಾರ ಜೊತೆ ಎಂದೆ. ನಮ್ಮಲ್ಲಿ ಪಿಂಗಾಣಿ ಉಜ್ಜಲು ಬರುವ ಇನ್ನೊಂದು ಕೈ ಅವನದೊಂದೇ. ಅವನು ಹೂಂ ಅಂದರೆ ಕೆಲಸ ಹಂಚಬಹುದು, ಊಹೂಂ ಅಂದರೆ ಅಮ್ಮನ ಮಾತೇ ನಿಜವಾಗುತ್ತದೆ. ಇಷ್ಟು ವರ್ಷ ಮಾತಾಡಿಸದ ಮನುಷ್ಯನ ಹತ್ತಿರ ಹೋಗಿ ಕೈಯೊಡ್ಡಬೇಕು. ಅವಳ ಮುಖ ಸುಟ್ಟ ಪಾತ್ರೆಯ ಹಾಗಾಯಿತು.

ಅರ್ಜಿ ಕೊಟ್ಟದ್ದು ಸುಲಭ. ಅಮ್ಮ ಅದನ್ನು ಎರಡು ಸಲ ಓದಿದರು, ಇದನ್ನು ಯಾರು ಹೇಳಿಕೊಟ್ಟರು ಎಂದು ಕೇಳಿದರು, ನನ್ನ ಕಡೆ ನೋಡಿದರು. ನಾನು ಪ್ಲಾಸ್ಟರ್ ಕಲಸುವುದರಲ್ಲಿ ಮುಳುಗಿಹೋದೆ. ಕಷ್ಟ ಇದ್ದದ್ದು ಒಲೆಯ ಕೋಣೆಯಲ್ಲಿ. ಮೊಲ ಬಾಗಿಲ ಹತ್ತಿರ ನಿಂತಳು, ಒಳಗೆ ಕಾಲಿಡಲಿಲ್ಲ. ಒಲೆಯಣ್ಣ ಚಿಮಟಗಳನ್ನು ಒರೆಸುತ್ತಿದ್ದ. ಅವಳು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದಳು, ಅಂದು ಬೈದದ್ದಕ್ಕೆ ಕ್ಷಮೆಯನ್ನೂ ಕೇಳಿದಳು. ಅವನು ಇದ್ದ ಚಿಮಟಗಳನ್ನೆಲ್ಲ ಒರೆಸಿ ಸಾಲಾಗಿ ಜೋಡಿಸುವ ತನಕ ತಲೆ ಎತ್ತಲಿಲ್ಲ. ನನಗೆ ಅವನ ಕತ್ತು ಹಿಡಿದು ಮಾತಾಡಿಸಬೇಕು ಅನ್ನಿಸಿತು.

"ಮುಟ್ಟಬೇಡಿ ಅಂದಿದ್ರಿ" ಎಂದ ಕೊನೆಗೆ. ಅಷ್ಟೇ. ಆಮೇಲೆ ಒರೆಸುವ ಬಟ್ಟೆ ಮಡಚಿಟ್ಟು, "ಅಮ್ಮ ಹೇಳಿದ್ರೆ ಮಾಡ್ತೀನಿ" ಅಂದ.

ಅಮ್ಮ ಹೇಳಿದರು, ಆದರೆ ತಮ್ಮ ರೀತಿಯಲ್ಲಿ. ರಜೆ ಮುಗಿದು ಮೊಲ ಬರುವ ಮೊದಲ ದಿನವೇ ಒಂದು ಪರೀಕ್ಷೆ ಎಂದರು. ಬಸ್ ಕಂಡಕ್ಟರ್ ಒಬ್ಬನ ಮುಂದಿನ ನಾಲ್ಕು ಹಲ್ಲು, ಅಪಘಾತದಲ್ಲಿ ಮುರಿದದ್ದು. ಬೆಳಿಗ್ಗೆ ಮೊಲ ಕಟ್ಟಬೇಕು, ಮಧ್ಯಾಹ್ನ ಹೋಗಿಬಿಡಬೇಕು, ಒಲೆಯಣ್ಣ ಮುಗಿಸಬೇಕು. ಸಂಜೆ ಐದಕ್ಕೆ ಡಾಕ್ಟರ ಕಡೆಯವನು ಬಂದು ಒಯ್ಯುತ್ತಾನೆ. ಹಲ್ಲು ಆ ಬಾಯಲ್ಲಿ ನಿಂತರೆ ಅರ್ಧ ದಿನ. ವಾಪಸ್ ಬಂದರೆ, ಕೆಲಸ ಹಂಚಲಾಗದು ಎಂದು ಅರ್ಜಿಯ ಮೇಲೇ ಬರೆದುಕೊಡುತ್ತೇನೆ, ಆಮೇಲೆ ಪೂರ್ತಿ ದಿನ ಬಾ ಇಲ್ಲವೇ ಬಿಡು. ಕಾರ್ಮಿಕ ಕಚೇರಿಯವರು ಬಂದರೂ ಇದನ್ನೇ ತೋರಿಸುತ್ತೇನೆ ಎಂದರು. ಅನ್ಯಾಯ ಅನ್ನಲು ನನ್ನ ನಾಲಿಗೆ ತುದಿಗೆ ಬಂತು. ಆದರೆ ಯೋಚಿಸಿದರೆ ಅದು ಅನ್ಯಾಯವೂ ಆಗಿರಲಿಲ್ಲ, ಅದೇ ನನ್ನ ಹೊಟ್ಟೆ ಉರಿಸಿದ್ದು.

ಆ ದಿನ ಮೊಲ ಬಂದಾಗಲೇ ಕಣ್ಣು ಕೆಂಪಾಗಿತ್ತು. ರಾತ್ರಿಯಿಡೀ ಕೂಸು ಮಲಗಿಲ್ಲ, ಮೈ ಬೆಚ್ಚಗಿದೆ ಎಂದಳು. ಕಂಡಕ್ಟರನ ಹಳೆಯ ಫೋಟೋ ಒಂದನ್ನು ಡಾಕ್ಟರ್ ಕಳಿಸಿದ್ದರು, ಹಲ್ಲು ಮೊದಲು ಹೇಗಿತ್ತು ನೋಡಿಕೊಳ್ಳಲಿ ಅಂತ. ಏನು ನೋಡುವುದು? ಆ ಮಹಾರಾಯನ ಮೀಸೆ ತುಟಿ ದಾಟಿ ಇಳಿದಿತ್ತು. ಬಲಗಡೆಯ ಒಂದು ಹಲ್ಲು ಗಿಡ್ಡ ಎನ್ನುವುದು ಮಾತ್ರ ಕಾಣುತ್ತಿತ್ತು, ಉಳಿದದ್ದೆಲ್ಲ ಮೀಸೆಯ ಕೆಳಗೆ ತಲೆಮರೆಸಿಕೊಂಡಿತ್ತು.

ಅವಳು ಕಿಟಕಿಯ ಮೇಜಿಗೆ ಕೂತಳು. ಬ್ರಷ್ಷು ಹಿಡಿದ ಕೈ ಮೊದಲಿನ ಹಾಗೇ ಓಡುತ್ತಿತ್ತು, ಅದನ್ನು ನೋಡಿ ನನಗೆ ಜೀವ ಬಂದಂತಾಯಿತು. ಆದರೆ ಹೊತ್ತು ಏರಿದಂತೆ ಅವಳು ಮತ್ತೆ ಮತ್ತೆ ಭುಜ ಕುಗ್ಗಿಸಿ ಕೂರುವುದು ಕಂಡಿತು. ಹಾಲು ತುಂಬಿ ಎದೆ ಕಲ್ಲಾಗಿತ್ತು. ನಾನು ಹೆತ್ತವಳು, ಆ ನೋವು ನನಗೆ ಗೊತ್ತು. ಸ್ವಲ್ಪ ಹೊತ್ತು ಎದ್ದು ಹಿಂಡಿ ಬಾ ಅಂದರೆ ಕೇಳಲಿಲ್ಲ, ಪದರ ಒಣಗಿಬಿಡುತ್ತದೆ ಅಂದಳು. ಹಲ್ಲು ಕಚ್ಚಿ ಕೂತಳು. ಗಾಜಿನ ಗೂಡಿನಿಂದ ಅಮ್ಮ ಒಂದೇ ಸಮನೆ ನೋಡುತ್ತಿದ್ದರು.

ಮಧ್ಯಾಹ್ನವಾಗುವ ಮುಂಚೆಯೇ ಅತ್ತೆಯ ಫೋನ್ ಬಂತು. ಕೂಸಿಗೆ ಮೈ ಕಾದು ಸುಡುತ್ತಿದೆ, ನನಗೆ ಪಾಳಿಗೆ ಹೊತ್ತಾಯಿತು, ಬೇಗ ಬಾ. ಮೊಲ ಧಡಕ್ಕನೆ ಎದ್ದಳು. ಹಲ್ಲಿನ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಒಲೆಯ ಕೋಣೆಗೆ ಹೋಗಿ, ಬಲಗಡೆಯದು ಗಿಡ್ಡ ಇದೆ, ಅದು ಬೇಕಂತಲೇ ಮಾಡಿದ್ದು, ಅದನ್ನು ಉದ್ದ ಮಾಡಬೇಡಿ ಎಂದು ಒಲೆಯಣ್ಣನಿಗೆ ಹೇಳಿದಳು. ಇನ್ನೂ ಏನೋ ಹೇಳಲು ಬಾಯಿ ತೆರೆದಳು, ಅವಳ ಮೇಜಿನ ಮೇಲೆ ಫೋನ್ ಮತ್ತೆ ಹೊಡೆದುಕೊಂಡಿತು. ಚೀಲ ಹೆಗಲಿಗೇರಿಸಿ ಓಡಿದಳು. ಮೆಟ್ಟಿಲಲ್ಲಿ ಅವಳ ಚಪ್ಪಲಿಯ ಸದ್ದು ಕೇಳುತ್ತಲೇ ಇತ್ತು.

ಒಲೆಯಣ್ಣ ಹಲ್ಲುಗಳನ್ನು ಸುಟ್ಟ. ತಣಿದ ಮೇಲೆ ಉಜ್ಜುವ ಯಂತ್ರ ಹಾಕಿದ. ಅದರ ಗುಂಯ್ ಸದ್ದು ಶುರುವಾದ ಸ್ವಲ್ಪ ಹೊತ್ತಿಗೇ ನಿಂತುಹೋಯಿತು. ನಾನು ಇಣುಕಿ ನೋಡಿದೆ. ಅವನು ಅಚ್ಚನ್ನು ದೀಪದಡಿ ಹಿಡಿದು ಆಚೆ ಈಚೆ ತಿರುಗಿಸುತ್ತಿದ್ದ. ಎಡಗಡೆಯ ಹಲ್ಲಿನ ಒಂದು ಅಂಚು ಕೂದಲೆಳೆಯಷ್ಟು ಹೊರಕ್ಕೆ ತಿರುಗಿತ್ತು. ಅವನು ಫೋಟೋ ನೋಡಿದ. ಮೀಸೆ.

"ಬೇಕಂತಲೇ ಮಾಡಿದ್ದಾ, ತಪ್ಪಿ ಆಗಿದ್ದಾ?" ಎಂದು ನನ್ನನ್ನು ಕೇಳಿದ. ನಾನು ಪ್ಲಾಸ್ಟರಿನವಳು, ನನಗೇನು ಗೊತ್ತು? ಅವಳಿಗೆ ಫೋನ್ ಮಾಡಿದೆ. ಕಿಟಕಿಯ ಮೇಜಿನ ಮೇಲೆ, ಪುಡಿಯ ಬಟ್ಟಲುಗಳ ನಡುವೆ ಅವಳ ಫೋನು ಗುರುಗುಟ್ಟಿತು. ಮರೆತು ಹೋಗಿದ್ದಳು. ಅತ್ತೆಗೆ ಮಾಡಿದರೆ ಅವರು ಪಾಳಿಗೆ ಹೊರಟಾಗಿತ್ತು.

 ಮತ್ತೆ ಅದೇ ಹೆಡ್‌ಮೇಡಮ್ಮಿನ ಹಲ್ಲು. ಉಜ್ಜಿದರೆ, ಅದು ಬೇಕಂತಲೇ ಮಾಡಿದ್ದಾದರೆ ಹೋಯಿತು. ಬಿಟ್ಟರೆ, ಅದು ತಪ್ಪಾಗಿದ್ದರೆ ಆಗಲೂ ಹೋಯಿತು. ಒಲೆಯಣ್ಣ ಅಚ್ಚನ್ನು ಕೆಳಗಿಟ್ಟ. ನಾನಾದರೆ ಬಿಡುತ್ತೇನೆ, ಇನ್ನೊಮ್ಮೆ ಅವಳ ಹಲ್ಲು ನೆಟ್ಟಗೆ ಮಾಡಿ ಬೈಸಿಕೊಳ್ಳುವ ಆಸೆ ನನಗಿಲ್ಲ ಎಂದು ಗೊಣಗಿದ. ಹೊಳಪಿನ ಡಬ್ಬಿಗೆ ಕೈ ಹಾಕಿದ. ಆಮೇಲೆ ಏನಾಯಿತೋ, ಯಂತ್ರದ ಸ್ವಿಚ್ ಆರಿಸಿ, ಹಲ್ಲುಗಳನ್ನು ಹತ್ತಿಯಲ್ಲಿ ಸುತ್ತಿ ಡಬ್ಬಿಗೆ ಹಾಕಿ, ಅವಳ ಮನೆ ತೋರಿಸಿ ಎಂದ.

ಹೊರಟವರನ್ನು ಅಮ್ಮ ಬಾಗಿಲಲ್ಲೇ ತಡೆದರು. ಎಲ್ಲಿಗೆ ಎಂದರು. ಕೇಳಿಕೊಂಡು ಬರುತ್ತೇವೆ ಎಂದ ಒಲೆಯಣ್ಣ. ಹಾಗಾದರೆ ನಾನು ಹೇಳಿದ್ದೇ ಆಯಿತಲ್ಲ, ಅವಳಿಲ್ಲದೆ ಮುಗಿಯುವುದಿಲ್ಲ ಎಂದು ಅಮ್ಮ ಗಡಿಯಾರ ತೋರಿಸಿದರು. ನನಗೆ ಅಳು ಬಂದುಬಿಡುತ್ತಿತ್ತು. ಯಾವತ್ತೂ ಅಮ್ಮನೆದುರು ತುಟಿ ಬಿಚ್ಚದವನು ಆಗ ಮಾತಾಡಿದ.

"ಅವತ್ತು ಹಲ್ಲು ಕೆಟ್ಟಿದ್ದು ಇಬ್ಬರು ಮಾಡಿದ್ದಕ್ಕಲ್ಲ ಅಮ್ಮ. ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ, ಅದಕ್ಕೆ. ಇವತ್ತು ಕೇಳ್ತೀನಿ."

ಅಮ್ಮ ದಾರಿ ಬಿಟ್ಟರು. ಒಪ್ಪಿ ಬಿಟ್ಟರೋ ಆಶ್ಚರ್ಯಕ್ಕೆ ಬಿಟ್ಟರೋ ತಿಳಿಯದು.

ಮೊಲದ ಮನೆ ಸೈಕಲ್ ರಿಪೇರಿ ಅಂಗಡಿಯ ಹಿಂದಿನ ಸಂದಿಯಲ್ಲಿ, ಎರಡೇ ಕೋಣೆ. ಬಿಸಿಲಲ್ಲಿ ಓಡುನಡಿಗೆಯಲ್ಲಿ ಹೋದೆವು. ನನಗೆ ಏದುಸಿರು, ಅವನು ಡಬ್ಬಿಯನ್ನು ಎದೆಗವಚಿಕೊಂಡು ಬಸುರಿ ನಡೆದಂತೆ ನಡೆಯುತ್ತಿದ್ದ. ಬಾಗಿಲು ತೆರೆದೇ ಇತ್ತು. ಮೊಲ ನೆಲದ ಮೇಲೆ ಗೋಡೆಗೊರಗಿ ಕೂತು, ಕೂಸಿಗೆ ಹಾಲೂಡಿಸುತ್ತ ಅದರ ಹಣೆಗೆ ಒದ್ದೆ ಬಟ್ಟೆ ಒತ್ತುತ್ತಿದ್ದಳು. ನಮ್ಮನ್ನು ನೋಡಿದ್ದೇ ಮುಖ ಬಿಳಿಚಿಕೊಂಡಿತು. ಹಲ್ಲು ಒಡೆದೇಹೋಯಿತು ಅಂದುಕೊಂಡಳಂತೆ. ಒಲೆಯಣ್ಣ ಹೊಸ್ತಿಲಲ್ಲೇ ಮುಖ ಆಚೆ ತಿರುಗಿಸಿ ನಿಂತು ಡಬ್ಬಿ ಚಾಚಿದ. ನಾನು ತೆಗೆದುಕೊಂಡು ಅವಳ ಕಣ್ಣ ಮುಂದೆ ಹಿಡಿದೆ. ಎಡಗಡೆ ನೋಡು, ಇದು ನೀನು ಬೇಕಂತ ತಿರುಗಿಸಿದ್ದಾ ಎಂದು ಕೇಳಿದೆ.

ಅವಳು ನೋಡಿದಳು. ಕಿಟಕಿಯ ಬೆಳಕಿಗೆ ತಿರುಗಿಸಿ ಮತ್ತೆ ನೋಡಿದಳು. ನೋಡನೋಡುತ್ತ ಅವಳ ಕಣ್ಣು ತುಂಬಿ ಬಂತು. ಹೇಳಿದರೆ ತನ್ನ ಕೈ ತಪ್ಪಿದೆ ಎಂದು ಒಪ್ಪಿಕೊಂಡ ಹಾಗೆ. ಮೊದಲ ದಿನವೇ, ಪರೀಕ್ಷೆಯ ಹಲ್ಲಲ್ಲೇ.

"ಇದು ತಪ್ಪೇ ಅಣ್ಣ. ನನ್ನ ಕೈ ಜಾರಿದೆ. ಉಜ್ಜಿಬಿಡಿ."

ಹೊಸ್ತಿಲಲ್ಲಿದ್ದವನು ಒಂದು ದೊಡ್ಡ ಉಸಿರು ಬಿಟ್ಟ. "ನಾನು ಹಾಗೇ ಬಿಡೋದ್ರಲ್ಲಿದ್ದೆ" ಅಂದ. ಯಾಕೋ ಗೊತ್ತಿಲ್ಲ, ಮೂವರಿಗೂ ನಗು ಬಂತು. ಕೂಸು ಮೊಲೆ ಬಿಟ್ಟು, ಯಾರಪ್ಪ ಇವರು ಎನ್ನುವ ಹಾಗೆ ನಮ್ಮನ್ನು ನೋಡಿತು. ಹಣೆ ಮುಟ್ಟಿ ನೋಡಿದೆ, ಬೆವರೊಡೆದಿತ್ತು, ಜ್ವರ ಇಳಿಯುತ್ತಿತ್ತು. ಕೂತು ಸುಧಾರಿಸಿಕೊಳ್ಳಲು ಹೊತ್ತಿರಲಿಲ್ಲ, ಬಂದ ದಾರಿಯಲ್ಲೇ ಓಡಿದೆವು.

ಡಾಕ್ಟರ ಕಡೆಯವನು ಬಂದು ಬೆಂಚಿನ ಮೇಲೆ ಕಾಲು ಅಲ್ಲಾಡಿಸುತ್ತ ಕೂತಿದ್ದಾಗ ಒಲೆಯಣ್ಣ ಹೊಳಪು ಕೊಟ್ಟು ಮುಗಿಸಿದ. ಅಮ್ಮ ಡಬ್ಬಿ ತೆರೆದು ಕನ್ನಡಕ ಇಳಿಸಿ ನೋಡಿದರು, ಮುಚ್ಚಿ ಅವನ ಕೈಗೆ ಕೊಟ್ಟರು.

ಆಮೇಲಿನ ದಿನಗಳನ್ನು ಹೇಗೆ ಕಳೆದೆವೋ. ಡಾಕ್ಟರು ಕಂಡಕ್ಟರನಿಗೆ ಹಲ್ಲು ಕೂರಿಸುವ ದಿನ ಮುಂದಕ್ಕೆ ಹೋಯಿತು, ಅವನಿಗೆ ರಜೆ ಸಿಗಲಿಲ್ಲವಂತೆ. ಮೊಲ ಬೆಳಿಗ್ಗೆ ಬರುತ್ತಿದ್ದಳು, ಮಧ್ಯಾಹ್ನ ಹೋಗುತ್ತಿದ್ದಳು, ಅಮ್ಮ ಇರು ಎಂದೂ ಅನ್ನಲಿಲ್ಲ ಹೋಗು ಎಂದೂ ಅನ್ನಲಿಲ್ಲ. ಆ ರಾಜೀನಾಮೆಯ ಹಾಳೆ ಗಾಜಿನ ಗೂಡಿನ ಮೇಜಿನ ಮೇಲೇ ಇತ್ತು, ಮೇಲೆ ಒಂದು ಪ್ಲಾಸ್ಟರ್ ದವಡೆ ಭಾರಕ್ಕೆ ಇಟ್ಟಿದ್ದರು. ನಾನೇ ಎತ್ತಿದ ದವಡೆ. ಅದನ್ನು ನೋಡಿದಾಗಲೆಲ್ಲ ಒಡೆದುಹಾಕಬೇಕು ಅನ್ನಿಸುತ್ತಿತ್ತು. ಫೋನ್ ಹೊಡೆದುಕೊಂಡರೆ ಸಾಕು, ಮೊಲದ ಬ್ರಷ್ಷು ಗಾಳಿಯಲ್ಲಿ ನಿಲ್ಲುತ್ತಿತ್ತು.

ಕೊನೆಗೊಂದು ಬೆಳಿಗ್ಗೆ ಅಮ್ಮ ಫೋನ್ ಇಟ್ಟು ಹೊರಗೆ ಬಂದರು. ಮುಖದಲ್ಲಿ ಏನೂ ಗೊತ್ತಾಗುವ ಹಾಗಿರಲಿಲ್ಲ. ಕಂಡಕ್ಟರ್ ಕನ್ನಡಿ ನೋಡಿದವನೇ ಸೀದಾ ಕ್ಷೌರದ ಅಂಗಡಿಗೆ ಹೋಗಿ ಮೀಸೆ ಕತ್ತರಿಸಿಕೊಂಡು ಬಂದು ಡಾಕ್ಟರಿಗೆ ಮತ್ತೆ ಹಲ್ಲು ತೋರಿಸಿ ಹೋದನಂತೆ ಎಂದರು. ನಾನು ಪ್ಲಾಸ್ಟರ್ ಕೈಯಲ್ಲೇ ಮೊಲವನ್ನು ತಬ್ಬಿಕೊಂಡೆ. ಒಲೆಯಣ್ಣ ಕಿಂಡಿಯಲ್ಲಿ ಕಂಡವನು ತಕ್ಷಣ ಮಾಯವಾದ.

ಅಮ್ಮ ಮೊಲವನ್ನು ಗೂಡಿಗೆ ಕರೆದರು. ಬಾಗಿಲು ಮುಚ್ಚಲಿಲ್ಲ, ಹಾಗಾಗಿ ನಾನು ಕೇಳಿದ್ದು ಕದ್ದು ಕೇಳಿದ್ದಲ್ಲ. ಕೊಡುತ್ತೇನೆ ಎಂದರು. ಆದರೆ ಮೊದಲು ಒಂದು ಮಾತು, ಅವರು ಹೋದ ಮೇಲೆ ನನ್ನ ಮಗ ಹುಟ್ಟಿದಾಗ ನಾನು ಇದೇ ಮೇಜಿನ ಕೆಳಗೆ ಬುಟ್ಟಿಯಲ್ಲಿ ಅವನನ್ನು ಮಲಗಿಸಿ ದುಡಿದವಳು, ಪ್ಲಾಸ್ಟರ್ ಧೂಳಲ್ಲಿ ಕೆಮ್ಮುತ್ತ ಬೆಳೆದ ಅವನು, ನನಗೆ ಯಾರೂ ಅರ್ಧ ದಿನ ಕೊಡಲಿಲ್ಲ ಎಂದರು. ಅವರ ದನಿಯಲ್ಲಿ ಸಿಟ್ಟಿತ್ತು. ಅದು ಯಾರ ಮೇಲಿನದೋ.

"ನೀವು ಕೇಳಿದ್ರಾ ಅಮ್ಮ?" ಎಂದಳು ಮೊಲ.

ಅಮ್ಮ ಆ ಪ್ಲಾಸ್ಟರ್ ದವಡೆಯನ್ನು ಹಾಳೆಯ ಮೇಲಿಂದ ಎತ್ತಿ ಪಕ್ಕಕ್ಕಿಟ್ಟರು.

"ಯಾರನ್ನ ಕೇಳಲಿ? ಯಜಮಾನಿ ನಾನೇ ಅಲ್ವಾ."

ಇಷ್ಟು ದಿನ ಅವರ ಮೇಲೆ ಹಲ್ಲು ಮಸೆಯುತ್ತಿದ್ದ ನನಗೆ ಆ ಕ್ಷಣದಲ್ಲಿ ಅವರನ್ನು ಕಂಡು ಪಾಪ ಅನ್ನಿಸಿತು. ರಾಜೀನಾಮೆಯ ಹಾಳೆಯನ್ನು ಅವರು ಹರಿಯಲೇನೂ ಇಲ್ಲ, ಮಡಚಿ ಕುಂಟುತ್ತಿದ್ದ ಮೇಜಿನ ಕಾಲಿನ ಕೆಳಗೆ ಸಿಕ್ಕಿಸಿದರು. ಉತ್ತರವನ್ನು ಬರೆದೇ ಕೊಟ್ಟರು. ಮಗುವಿಗೆ ವರ್ಷ ತುಂಬುವವರೆಗೆ ಅರ್ಧ ದಿನ, ಮೇಜು ಅದೇ, ಸೇವೆ ಮುಂದುವರಿಯುತ್ತದೆ. ಹೋಗುವ ಮುಂಚೆ ಒಲೆಯ ಕೋಣೆಯಲ್ಲಿ ಅರ್ಧ ಗಂಟೆ ಕೂತು ಹಲ್ಲಿನ ವಿಷಯ ಹೇಳಿಯೇ ಹೋಗಬೇಕು ಎಂದೂ ಸೇರಿಸಿದ್ದರು. ಮೊಲ ಓದಿ, ಆ ಅರ್ಧ ಗಂಟೆಗೂ ಸಂಬಳ ಉಂಟು ಎಂದು ಬರೆಯಿರಿ ಅಮ್ಮ ಅಂದಳು. ಅಮ್ಮ ಮೂಗು ಮುರಿದರು, ಬರೆದರು.

ಬೋರ್ಡನ್ನು ಯಾರೂ ಕೆಳಗಿಳಿಸಲಿಲ್ಲ. ಅದು ಈಗಲೂ ಗೋಡೆಯಲ್ಲೇ ಇದೆ, ಅದರ ಮೇಲೆ ನನ್ನ ಪ್ಲಾಸ್ಟರ್ ಧೂಳು ಕೂತಿದೆ, ಒರೆಸುವ ಗೋಜಿಗೆ ನಾನು ಹೋಗಿಲ್ಲ.

ಉತ್ತರ ಬಂದ ಮಧ್ಯಾಹ್ನ ಮೊಲ ತಟ್ಟೆ ಹಿಡಿದು ಒಲೆಯ ಕೋಣೆಗೆ ಹೋದಳು. ಈ ಸಲ ಬಾಗಿಲಲ್ಲಿ ನಿಲ್ಲಲಿಲ್ಲ, ಒಳಗೆ ಹೋಗಿ ಸ್ಟೂಲೆಳೆದು ಕೂತಳು. ಯಾವುದು ಗಿಡ್ಡ, ಯಾವುದು ಸೊಟ್ಟ, ಯಾವುದು ಬೇಕಂತಲೇ ಮಾಡಿದ್ದು, ಯಾವುದರ ಬಗ್ಗೆ ತನಗೇ ಅನುಮಾನ ಎಂದು ಒಂದೊಂದಾಗಿ ತೋರಿಸಿದಳು. ಒಲೆಯಣ್ಣ ಎಲ್ಲಕ್ಕೂ ತಲೆಯಾಡಿಸಿದ. ಎಲ್ಲ ಮುಗಿದ ಮೇಲೂ ಅವನ ಕೈ ತೊಡೆಯ ಮೇಲೇ ಇತ್ತು.

"ಮುಟ್ಟಲಾ?" ಎಂದು ಕೇಳಿದ.

"ಮುಟ್ಟಿ ಅಣ್ಣ" ಎಂದು ಅವಳು ತಟ್ಟೆಯನ್ನು ಅವನ ಕೈಗೆ ಕೊಟ್ಟಳು, ಚೀಲ ಹೆಗಲಿಗೇರಿಸಿಕೊಂಡು ಕೂಸಿನ ಕಡೆ ನಡೆದಳು.